ಬೆಂಕಿಯ ನಡುವೆ ಒಂದು ಸೆಲ್ಯೂಟ್



ನಿಮ್ಮಲ್ಲಿ ಕೆಲವರು ಪುಣೆಯ ಖಡ್ಕಿಯಲ್ಲೋ, ಚೆನ್ನೈನ ನಂದಂಬಾಕ್ಕಂನಲ್ಲೋ, ದೆಹಲಿ ಕಂಟೋನ್ಮೆಂಟಿನಲ್ಲೋ ಯುದ್ಧ ಸ್ಮಶಾನದ ಗೇಟಿನ ಮುಂದೆ ಹಾದುಹೋಗಿರುತ್ತೀರಿ. ಅವುಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವೇ ಫ್ರಾನ್ಸಿನ ಮೆಹರಿಕೂರ್ ಎಂಬ ಹಳ್ಳಿಯ ಒಂದು ಸಮಾಧಿಯನ್ನೂ ನೋಡಿಕೊಳ್ಳುತ್ತದೆ. ಅಲ್ಲಿ ಮಲಗಿರುವ ಹುಡುಗನ ಕಥೆ ಇವತ್ತು ಹೇಳುತ್ತೇನೆ.

ಹೆಸರು ಆಂಡ್ರ್ಯೂ ಮಿನಾರ್ಸ್ಕಿ. 1916ರಲ್ಲಿ ಕೆನಡಾದ ವಿನಿಪೆಗ್ ನಗರದಲ್ಲಿ ಹುಟ್ಟಿದ. ತಂದೆತಾಯಿ ಪೋಲೆಂಡಿನಿಂದ ವಲಸೆ ಬಂದವರು. ಚರ್ಮದ ಕೆಲಸ ಮಾಡಿಕೊಂಡಿದ್ದವನು 1941ರಲ್ಲಿ ವಾಯುಪಡೆ ಸೇರಿದ. ಲ್ಯಾಂಕಾಸ್ಟರ್ ಬಾಂಬರ್ ವಿಮಾನದ ಬೆನ್ನಿನ ಮೇಲಿನ ಗೂಡಿನಲ್ಲಿ ಕೂರುವ ಗನ್ನರ್ ಆದ. ಬಾಲದ ಗೂಡಿನಲ್ಲಿ ಕೂರುತ್ತಿದ್ದವನು ಅವನ ಆಪ್ತ ಗೆಳೆಯ ಪ್ಯಾಟ್ ಬ್ರೋಫಿ.

1944ರ ಜೂನ್ 12ರ ರಾತ್ರಿ. ಮಿತ್ರಸೇನೆ ನಾರ್ಮಂಡಿಯಲ್ಲಿ ಇಳಿದು ಆರೇ ದಿನವಾಗಿತ್ತು. ಜರ್ಮನ್ನರಿಗೆ ರೈಲಿನಲ್ಲಿ ನೆರವು ಬಾರದಂತೆ ಫ್ರಾನ್ಸಿನ ಕಾಂಬ್ರೆ ಊರಿನ ರೈಲ್ವೆ ಯಾರ್ಡನ್ನು ಒಡೆಯಬೇಕಿತ್ತು. ಏಳು ಜನರಿದ್ದ ಆ ವಿಮಾನಕ್ಕೆ ದಾರಿಯಲ್ಲಿ ಜರ್ಮನ್ ಫೈಟರ್ ಗುಂಡು ಹೊಡೆಯಿತು. ಎಡಗಡೆಯ ಎರಡೂ ಎಂಜಿನ್ ನಿಂತವು, ಬೆಂಕಿ ಹತ್ತಿತು. ಪೈಲಟ್ ಎಲ್ಲರಿಗೂ ಧುಮುಕಲು ಹೇಳಿದ.

ಮಿನಾರ್ಸ್ಕಿ ಬಾಗಿಲಿನ ಹತ್ತಿರ ಬಂದ. ಧುಮುಕಿದ್ದರೆ ಬದುಕುತ್ತಿದ್ದನೇನೋ. ಹಿಂತಿರುಗಿ ನೋಡಿದ. ಬ್ರೋಫಿ ಗೂಡಿನಲ್ಲೇ ಸಿಕ್ಕಿಕೊಂಡಿದ್ದ. ಗೂಡು ತಿರುಗಿದರೆ ಮಾತ್ರ ಒಳಗಿನವನು ಹೊರಗೆ ಬರಬಹುದು. ಎಂಜಿನ್ ನಿಂತದ್ದರಿಂದ ಅದು ತಿರುಗುತ್ತಿರಲಿಲ್ಲ. ಕೈಯಿಂದ ತಿರುಗಿಸುವ ಹಿಡಿಯೂ ಮುರಿದಿತ್ತು. ಮಿನಾರ್ಸ್ಕಿ ಬೆಂಕಿಯೊಳಗೆ ಅಂಬೆಗಾಲಿಟ್ಟು ಹೋದ. ಕೊಡಲಿಯಿಂದ ಹೊಡೆದ, ಬರಿಗೈಯಿಂದ ಎಳೆದ. ಗೂಡು ಅಲುಗಲಿಲ್ಲ. ಅವನ ಬಟ್ಟೆ ಉರಿಯುತ್ತಿತ್ತು. ‘ಹೋಗು, ಹೋಗು’ ಎಂದು ಬ್ರೋಫಿ ಕೈಸನ್ನೆ ಮಾಡಿದ. ಬೆನ್ನು ತೋರಿಸದೆ ಹಿಂದೆ ಹಿಂದೆ ಸರಿದ ಮಿನಾರ್ಸ್ಕಿ, ಬಾಗಿಲಲ್ಲಿ ನೆಟ್ಟಗೆ ನಿಂತು ಗೆಳೆಯನಿಗೆ ಸೆಲ್ಯೂಟ್ ಹೊಡೆದ. ಆಮೇಲೆ ಧುಮುಕಿದ. ಪ್ಯಾರಾಶೂಟಿಗೂ ಬೆಂಕಿ ಹತ್ತಿತ್ತು. ಕೆಳಗೆ ಫ್ರೆಂಚ್ ಜನ ಅವನನ್ನು ಕಂಡು ಎತ್ತಿಕೊಂಡರೂ ಸುಟ್ಟ ಗಾಯಗಳಿಂದ ಉಳಿಯಲಿಲ್ಲ. ವಯಸ್ಸು 27.

ಇನ್ನು ಬ್ರೋಫಿ? ವಿಮಾನದ ಜೊತೆಗೇ ನೆಲಕ್ಕೆ ಬಿದ್ದ ಅವನು ಬದುಕಿದ! ಉಳಿದ ಐವರೂ ಬದುಕಿದರು. ಸತ್ತದ್ದು ಮಿನಾರ್ಸ್ಕಿ ಒಬ್ಬನೇ.

ಸ್ವಲ್ಪ ಯೋಚಿಸಿ. ಆ ಸೆಲ್ಯೂಟನ್ನು ಕಂಡದ್ದು ಜಗತ್ತಿನಲ್ಲಿ ಎರಡೇ ಕಣ್ಣು. ಬ್ರೋಫಿ ಸತ್ತಿದ್ದರೆ ‘ಇನ್ನೊಬ್ಬ ಗನ್ನರ್ ಸತ್ತ’ ಎಂದು ಒಂದು ಸಾಲು ಬರೆದು ಕಡತ ಮುಚ್ಚುತ್ತಿದ್ದರು. ಬದುಕಿ ಬಂದವನು ಕಂಡದ್ದನ್ನು ಹೇಳಿದ. 1946ರ ಅಕ್ಟೋಬರಿನಲ್ಲಿ ಮಿನಾರ್ಸ್ಕಿಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ಗೆಳೆಯನನ್ನು ಉಳಿಸಲು ಅವನಿಂದ ಆಗಲಿಲ್ಲ, ನಿಜ. ಅವನ ನೆನಪನ್ನು ಉಳಿಸಿದ್ದು ಆ ಗೆಳೆಯನೇ.

ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಸತ್ತವರು 55,573 ಮಂದಿ. ಅವರ ಬಾಂಬುಗಳ ಕೆಳಗೆ ಸತ್ತ ಸಾಮಾನ್ಯ ಜನರನ್ನೂ ನಾವು ಮರೆಯಬಾರದು. ಇವರಲ್ಲಿ ಎಷ್ಟು ಜನರ ಕೊನೆಯ ಗಳಿಗೆಯನ್ನು ಕಂಡವರು ಉಳಿದಿದ್ದಾರು?

ಮುಂದಿನ ಭಾನುವಾರ ಬಿಡುವಿದ್ದರೆ ನಿಮ್ಮೂರಿನ ಆ ಗೇಟಿನೊಳಗೆ ಒಮ್ಮೆ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಯಾವುದಾದರೂ ಒಂದು ಕಲ್ಲಿನ ಮುಂದೆ ನಿಂತು ಹೆಸರು, ವಯಸ್ಸು ಓದಿ. ಅಷ್ಟಾದರೂ ಸಾಕು.