ಹಠಾತ್ ದಿಗಿಲು ಮತ್ತು ಆಪ್ತಸಲಹೆ



ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜಯಂತಿ. ಶಿವಾಜಿನಗರದ ಬೆಸಿಲಿಕದ ಜನಸಂದಣಿಯಲ್ಲಿ ಒಬ್ಬರಿಗೆ ಹಠಾತ್ತನೆ ಎದೆ ಬಡಿದುಕೊಂಡು, ಉಸಿರು ಕಟ್ಟಿ, ಸತ್ತೇಹೋದೆನೆನಿಸಬಹುದು. ವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ಅದು ತುತ್ತತುದಿಗೇರಿ, ತಾನಾಗಿಯೇ ಇಳಿಯುತ್ತದೆ. ಆದರೆ ಅದನ್ನೊಮ್ಮೆ ಅನುಭವಿಸಿದವರು ಹಬ್ಬಕ್ಕೆ, ಕಡೆಗೆ ಭಾನುವಾರದ ಬಲಿಪೂಜೆಗೂ ಬಾರದಾಗುತ್ತಾರೆ. ಅಂಥವರನ್ನು 'ವಿಶ್ವಾಸ ಸಾಲದು' ಎಂದು ನಾವೇ ನೋಯಿಸಿದ್ದುಂಟು. ಅದು ನಮ್ಮ ತಪ್ಪು.

ಮೊದಲು ವೈದ್ಯರಿಂದ ಹೃದಯದ ಪರೀಕ್ಷೆ ಆಗಲೇಬೇಕು. ಬಳಿಕ ಆಪ್ತಸಲಹೆ. ಸಲಹೆಗಾರರು ಬರಿಯ ಧೈರ್ಯದ ಮಾತು ಹೇಳಿ ಕಳುಹಿಸುವವರಲ್ಲ. ಎದೆಬಡಿತವನ್ನೇ ಮರಣದ ಸೂಚನೆಯೆಂದು ಬಗೆಯುವ ಮನಸ್ಸಿಗೆ ಅದರ ನಿಜಸ್ಥಿತಿಯನ್ನು ತಿಳಿಸುತ್ತಾರೆ. ಹೆದರಿದ ಸ್ಥಳಕ್ಕೇ ಹಂತಹಂತವಾಗಿ ಮರಳಿಸುತ್ತಾರೆ: ಮೊದಲು ಜನರಿಲ್ಲದ ದೇವಾಲಯದಲ್ಲಿ ತುಸುಹೊತ್ತು, ಬಳಿಕ ವಾರದ ದಿನದ ಪೂಜೆಗೆ ಬಾಗಿಲ ಬಳಿ, ಅನಂತರ ಭಾನುವಾರ ನಡುಸಾಲಿನಲ್ಲಿ. ದಿಗಿಲು ಬಂದರೆ ಓಡದೆ, ಇಳಿಯುವವರೆಗೆ ಅಲ್ಲಿಯೇ ಇರುವುದೇ ಅಭ್ಯಾಸ. ಕೆಲವರಿಗೆ ಔಷಧವೂ ಬೇಕಾಗುತ್ತದೆ.

ಹೊಸೂರು ರಸ್ತೆಯ ನಿಮ್ಹಾನ್ಸ್ ನಮಗೆ ದೂರವೇನಲ್ಲ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ, 14416, ಕನ್ನಡದಲ್ಲಿಯೂ ಉಚಿತವಾಗಿ ದೊರೆಯುತ್ತದೆ. ನಮ್ಮ ದೇವಾಲಯದ ಬಾಗಿಲ ಪಕ್ಕದ ಬೆಂಚನ್ನು ಇಂಥವರಿಗಾಗಿ ಬಿಡಬೇಕೆಂದು ಸ್ವಯಂಸೇವಕರನ್ನು ಕೇಳಿಕೊಂಡಿದ್ದೇವೆ.