ಕೊನೆಯವರು ಬಂದು ಸೇರುವವರೆಗೆ

(ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಓಟದ ಗೆಳೆಯರ ಪರವಾಗಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯ ಮೇಲೆ ಸಾಹಿತಿಗಳು, ವೈದ್ಯರು, ಅಧಿಕಾರಿಗಳು ಮಾತನಾಡಿದ್ದಾರೆ. ಅವರ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ನಮಗಿದೆಯೆಂದು ನಾವು ಭಾವಿಸಿಲ್ಲ. ನಾವು ಪದಕ ಗೆದ್ದವರಲ್ಲ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರು, ಬಸ್ಸಿನ ಕಂಡಕ್ಟರು, ವಿದ್ಯುತ್ ಇಲಾಖೆಯ ಲೈನ್‌ಮನ್, ಅಂಗಡಿ ಇಟ್ಟವರು, ಇಬ್ಬರು ಶಿಕ್ಷಕಿಯರು, ಇಲ್ಲಿ ಬಂಧುಗಳ ಮನೆಯಲ್ಲಿದ್ದು ಓದಿ ಈಗ ಮಡಕಶಿರಾ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆಯುವ ಇಬ್ಬರು ರೈತರು, ಹೀಗೆ ಹನ್ನೊಂದು ಮಂದಿ. ಹೊಟ್ಟೆಪಾಡಿನ ಕೆಲಸ ಆರಂಭವಾಗುವ ಮೊದಲು, ಬೆಳಗಿನ ಜಾವದಲ್ಲಿ ಓಡುವುದು ನಮ್ಮ ಹವ್ಯಾಸ. ಅದರ ಬೀಜ ಬಿದ್ದದ್ದು ಈ ಮೈದಾನದಲ್ಲಿ ಎಂಬ ಕಾರಣಕ್ಕೆ ಸಮಿತಿಯವರು ನಮಗೂ ಹದಿನೈದು ನಿಮಿಷ ನೀಡಿದ್ದಾರೆ.

ನಮ್ಮ ಕಾಲದ ಡ್ರಿಲ್ ಮೇಷ್ಟ್ರನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಶನಿವಾರದ ಬೆಳಗಿನ ಶಾಲೆ; ಪ್ರಾರ್ಥನೆಗೆ ಮುನ್ನ ಮೈದಾನವನ್ನು ನಾಲ್ಕು ಸುತ್ತು ಓಡಬೇಕಾಗಿತ್ತು. ಮೊದಲು ಬಂದವನಿಗೆ ಅವರು ಬಹುಮಾನ ಕೊಟ್ಟದ್ದು ನಮಗೆ ನೆನಪಿಲ್ಲ. ಆದರೆ ಕಟ್ಟಕಡೆಯ ಹುಡುಗ ಬಂದು ಸೇರುವವರೆಗೆ ಅವರು ಸೀಟಿ ಊದುತ್ತಿರಲಿಲ್ಲ; ಸೀಟಿ ಊದುವವರೆಗೆ ಯಾರೂ ಕುಳಿತುಕೊಳ್ಳುವಂತಿರಲಿಲ್ಲ. ಮುಂದೆ ಬಂದವರಿಗೆ ಅದು ಶಿಕ್ಷೆಯಂತೆ ತೋರುತ್ತಿತ್ತು. ಹಿಂದುಳಿದವನನ್ನು ಬೈಯುತ್ತ ನಿಂತಿರುತ್ತಿದ್ದೆವು. ಕೆಲವು ವಾರಗಳಾದ ಮೇಲೆ ಬೈಗುಳ ನಿಂತಿತು; ಒಬ್ಬಿಬ್ಬರು ಹಿಂದಕ್ಕೆ ಓಡಿ, ಅವನ ಜೊತೆಗೂಡಿ ಬರತೊಡಗಿದರು. ಮೇಷ್ಟ್ರು ಆ ಕುರಿತು ಒಂದು ಮಾತನ್ನೂ ಆಡಲಿಲ್ಲ. ಆ ಪಾಠವನ್ನು ನಾವು ಹೇಗೆ ಮರೆತೆವು, ಯಾವ ಬೆಲೆ ತೆತ್ತು ಮತ್ತೆ ಕಲಿತೆವು ಎಂಬುದನ್ನೇ ಇಂದು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ಓಟದ ದಾರಿಗಳು ತಮಗೆ ಪರಿಚಿತವಾದವುಗಳೇ. ರಾಯದುರ್ಗದ ಬೆಟ್ಟದ ಬುಡದಿಂದ ಹೊರಟು ಮೊಳಕಾಲ್ಮೂರಿನ ದಾರಿ ಹಿಡಿದರೆ ರಾಜ್ಯದ ಗಡಿ ದಾಟುತ್ತೇವೆ. ಫಲಕಗಳ ಮೇಲಿನ ತೆಲುಗು ಅಕ್ಷರ ಕನ್ನಡವಾಗುತ್ತದೆ. ಕಾಲಡಿಯ ಮಣ್ಣು ಬದಲಾಗುವುದಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಸೇರಿತು. ಶಾಲೆ ಇದ್ದಲ್ಲಿಯೇ ಇತ್ತು. ಮೂರು ದಿಕ್ಕಿನಲ್ಲಿ ಕರ್ನಾಟಕದ ನೆಲವಿರುವ ಮಡಕಶಿರಾ ಅನಂತಪುರ ಜಿಲ್ಲೆಯಲ್ಲಿಯೇ ಇದ್ದು, 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಯ ಭಾಗವಾಯಿತು. ಆ ಸೀಮೆಯ ಗೆಳೆಯರ ಆಹ್ವಾನದ ಮೇರೆಗೆ ವರ್ಷಕ್ಕೊಮ್ಮೆ ಹೇಮಾವತಿಯವರೆಗೆ ಓಡುತ್ತೇವೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಅದೇ. ಅಲ್ಲಿನ ಹಳೆಯ ಗುಡಿಗಳ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚುವ ಸುಖವನ್ನು ಯಾವ ಪದಕವೂ ಕೊಡಲಾರದು.

ನಮ್ಮ ಸೀಮೆ ಓಟಗಾರರಿಗೆ ಸುಲಭವಾದುದಲ್ಲ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ನಾಡು. ಬೇಸಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಆದ್ದರಿಂದ ನಾಲ್ಕೂವರೆಗೆ ಹೊರಟು, ಬಿಸಿಲೇರುವ ಮುನ್ನ ಮನೆ ಸೇರುತ್ತೇವೆ. ಹಿಂದಿನ ರಾತ್ರಿ ರಾಗಿಮುದ್ದೆ, ಓಟದ ನಂತರ ಉಪ್ಪು ಬೆರೆಸಿದ ಮಜ್ಜಿಗೆ, ಶೇಂಗಾ ಮತ್ತು ಬೆಲ್ಲ. ನಮ್ಮ ಶಿಕ್ಷಕಿಯರು ಮೊದಲ ಬಾರಿಗೆ ಕತ್ತಲಲ್ಲಿ ಓಡತೊಡಗಿದಾಗ, ಹಾಲು ಹಾಕುವ ಹಿರಿಯರೊಬ್ಬರು ಗಾಬರಿಯಿಂದ ಗಾಡಿ ನಿಲ್ಲಿಸಿ, “ಯಾಕಮ್ಮಾ, ಮನೇಲಿ ಯಾರಿಗೇನಾಯ್ತು? ಆಸ್ಪತ್ರೆಗೆ ಬಿಡಲೇನು?” ಎಂದು ಕೇಳಿದರು. ಈಗ ಅವರೇ ದಿನವೂ ಗಂಟೆ ಬಾರಿಸಿ ಮುಂದೆ ಹೋಗುತ್ತಾರೆ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮ್ಯಾರಥಾನ್ ಓಟ ಆರಂಭವಾದದ್ದೇ 1984ರಲ್ಲಿ. ನಮ್ಮ ಶಾಲೆಗೆ ಆಗ ಅರ್ಧ ಶತಮಾನ ಕಳೆದಿತ್ತು. ಹಾಲಿನ ಹಿರಿಯರ ಗಾಬರಿಯನ್ನು ಹೇಗೆ ತಪ್ಪೆನ್ನೋಣ?

ಎರಡನೆಯ ವರ್ಷ ನಮಗೆ ಹುಮ್ಮಸ್ಸು ಹೆಚ್ಚಿತು. ಬೆಂಗಳೂರಿನಲ್ಲಿ ನಡೆಯುವ ಒಂದು ಅರ್ಧ ಮ್ಯಾರಥಾನಿಗೆ, ಅಂದರೆ 21 ಕಿಲೋಮೀಟರಿಗಿಂತ ತುಸು ಹೆಚ್ಚಿನ ಓಟಕ್ಕೆ, ಹೆಸರು ಕೊಟ್ಟೆವು. ವಾರಕ್ಕೆ 15 ಕಿಲೋಮೀಟರ್ ಓಡುತ್ತಿದ್ದವರು ಒಂದೂವರೆ ತಿಂಗಳಲ್ಲಿ 40ಕ್ಕೆ ಏರಿಸಿದೆವು. ನಮ್ಮಲ್ಲಿ ಜೀನ್ಸ್ ಹೊಲಿಯುವ ಗೆಳೆಯರೊಬ್ಬರಿಗೆ ಶುಲ್ಕ ಕಟ್ಟುವುದು ಕಷ್ಟವಾಗಿತ್ತು. ನಾವೆಲ್ಲ ಕೂಡಿ ಕಟ್ಟಿದೆವು. ಅವರು ಈ ಸಭೆಯಲ್ಲಿಯೇ ಇದ್ದಾರೆ. ಅವರ ಒಪ್ಪಿಗೆ ಪಡೆದೇ ಈ ಸಂಗತಿಯನ್ನು ಹೇಳುತ್ತಿದ್ದೇವೆ.

ಓಟಕ್ಕೆ ಮೂರು ವಾರವಿರುವಾಗ ಅವರು ಮೊಣಕಾಲಿನ ಕೆಳಗೆ ಎಲುಬಿನ ಒಂದು ಜಾಗದಲ್ಲಿ ನೋವಿದೆ ಎಂದರು. “ಓಡುತ್ತ ಓಡುತ್ತ ಸರಿಹೋಗುತ್ತದೆ ಬಿಡಪ್ಪಾ” ಎಂದೆವು. ಎರಡನೆಯ ಸಲ ಹೇಳಿದಾಗ ಊರಿನ ಮಾನದ ಮಾತು ತೆಗೆದೆವು. ಮೂರನೆಯ ಸಲ ಅವರು ಹೇಳಲಿಲ್ಲ. ಹತ್ತು ಜನ ಕೂಡಿ ಹಣ ಕಟ್ಟಿದ ಮೇಲೆ ಬಡವನೊಬ್ಬ “ನಾನು ಬರಲಾರೆ” ಎನ್ನುವುದು ಹೇಗೆ?

ಬೆಂಗಳೂರಿನಲ್ಲಿ 14ನೆಯ ಕಿಲೋಮೀಟರಿನ ಹೊತ್ತಿಗೆ ಅವರು ಕುಂಟತೊಡಗಿದರು. ನಾವು ಒಬ್ಬೊಬ್ಬರಾಗಿ ಅವರನ್ನು ದಾಟಿ ಹೋದೆವು, ಪ್ರತಿಯೊಬ್ಬರೂ ಕೈಬೀಸಿದೆವು. 16ರಲ್ಲಿ ಅವರು ರಸ್ತೆಯ ಅಂಚಿನಲ್ಲಿ ಕುಳಿತುಬಿಟ್ಟರು. ಅತ್ತ ನಾವು ಕೊರಳಿಗೆ ಪದಕ ಹಾಕಿಕೊಂಡು, ಹುಲ್ಲಿನ ಮೇಲೆ ಕುಳಿತು, ಭಾವಚಿತ್ರ ತೆಗೆಸಿಕೊಳ್ಳುತ್ತಿದ್ದೆವು. ಹನ್ನೊಂದು ಜನರಲ್ಲಿ ಹತ್ತೇ ಜನರಿದ್ದೇವೆ ಎಂಬುದು ಭಾವಚಿತ್ರ ನೋಡಿದಾಗ ನಮಗೆ ಹೊಳೆಯಿತು. ಮೇಷ್ಟ್ರು ಇದ್ದಿದ್ದರೆ ಸೀಟಿ ಊದುತ್ತಿರಲಿಲ್ಲ.

ಬಳ್ಳಾರಿಯಲ್ಲಿ ವೈದ್ಯರು ಪರೀಕ್ಷಿಸಿ, ಎಲುಬಿನಲ್ಲಿ ಕೂದಲೆಳೆಯಂಥ ಬಿರುಕಿದೆ, ಎಂಟು ವಾರ ಕಾಲಿಗೆ ಭಾರ ಬೀಳಕೂಡದು ಎಂದರು. ದೇಹದ ಉಸಿರು ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗಿಕೊಳ್ಳುತ್ತದೆ; ಎಲುಬು ಒಗ್ಗಿಕೊಳ್ಳಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಈ ಅಂತರವನ್ನು ತಿಳಿಯದೆ ಓಟವನ್ನು ಒಮ್ಮೆಲೇ ಏರಿಸಿದವರಿಗೆ ಈ ಗಾಯ ಸಾಮಾನ್ಯವೆಂದು ಅವರು ವಿವರಿಸಿದರು. ಆದರೆ ಹೊಲಿಗೆ ಯಂತ್ರದ ಪೆಡಲ್ ಒತ್ತುವುದೂ ಅದೇ ಕಾಲು. ನಗಕ್ಕಿಷ್ಟು ಎಂದು ಕೂಲಿ ಪಡೆಯುವವರಿಗೆ ರಜೆಯ ಸಂಬಳವಿಲ್ಲ. ನಾವು ಅವರ ಮನೆಗೆ ಹೋದ ದಿನ ಅವರ ಶ್ರೀಮತಿಯವರು ನೀರು ಕೊಟ್ಟು, “ಎಲ್ಲರೂ ಕೂಡಿ ಹೋದಿರಿ, ಕೂಡಿ ಯಾಕೆ ಬರಲಿಲ್ಲ ಅಣ್ಣಾ?” ಎಂದು ಮೆಲ್ಲನೆ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ಎರಡು ತಿಂಗಳು ಮನೆಯ ಖರ್ಚನ್ನು ಹಂಚಿಕೊಂಡೆವು. ಅದನ್ನು ಉಪಕಾರವೆಂದು ಹೇಳುತ್ತಿಲ್ಲ. ಅದು ನಾವು ತೀರಿಸಬೇಕಾಗಿದ್ದ ಋಣ.

ಅವರು ಹಾಸಿಗೆಯಲ್ಲಿದ್ದ ದಿನಗಳಲ್ಲಿ ಅವರಿಗೆ ಓದಿ ಹೇಳಲೆಂದು ಹುಡುಕಿದಾಗ ಒಂದು ಹಳೆಯ ಸಂಗತಿ ದೊರೆಯಿತು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್‌ನಲ್ಲಿ ನಡೆದ ಒಲಿಂಪಿಕ್ಸ್‌ಗೆ ಭಾರತದಿಂದ ಸಣ್ಣದೊಂದು ತಂಡ ಹೋಗಿತ್ತು. ಮ್ಯಾರಥಾನಿನಲ್ಲಿ ನಮ್ಮವರು ಇಬ್ಬರು ಓಡಿದರು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 42.75 ಕಿಲೋಮೀಟರ್ ದೂರವನ್ನು 2 ಗಂಟೆ 50 ನಿಮಿಷಗಳಲ್ಲಿ ಕ್ರಮಿಸಿ 19ನೆಯವರಾದರು. ಜೊತೆಗೆ ಓಡಿದ ಸದಾಶಿವ ದಾತಾರರಿಗೆ ಓಟವನ್ನು ಪೂರ್ತಿಗೊಳಿಸಲು ಆಗಲಿಲ್ಲ. ಚೌಗುಲೆಯವರ ಹೆಸರು ಕೇಳಿ ನಾವು ಹೆಮ್ಮೆಪಟ್ಟೆವು. ನಮ್ಮ ಗೆಳೆಯರು ಮಾತ್ರ, “ಆ ಇನ್ನೊಬ್ಬರು ಆಮೇಲೆ ಊರಿಗೆ ಹೇಗೆ ಬಂದರು?” ಎಂದು ಕೇಳಿದರು. ಆ ಪ್ರಶ್ನೆ ನಮ್ಮ ಹತ್ತು ಜನರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅಂದಿನಿಂದ ಕೆಲವು ಕಟ್ಟಳೆಗಳನ್ನು ಮಾಡಿಕೊಂಡೆವು. ವಾರದ ಓಟವನ್ನು ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಏರಿಸುವುದಿಲ್ಲ. ಪಕ್ಕದವರೊಡನೆ ಮಾತನಾಡಲು ಆಗದಷ್ಟು ಏದುಸಿರು ಬಂದರೆ ವೇಗ ತಗ್ಗಿಸುತ್ತೇವೆ. ಎಲುಬಿನ ಒಂದೇ ಜಾಗದಲ್ಲಿ ನೋವು ಬಂದರೆ ಅಂದೇ ಹೇಳಬೇಕು. ಹೇಳಿದವರನ್ನು ಯಾರೂ ನಗಬಾರದು. ಹಣ ಯಾರು ಕಟ್ಟಿದ್ದರೂ “ಈ ಸಲ ನಾನಿಲ್ಲ” ಎನ್ನುವ ಹಕ್ಕು ಎಲ್ಲರಿಗೂ ಇದೆ. ಕೊನೆಯದು ಮೇಷ್ಟ್ರ ಕಟ್ಟಳೆ: ಎಲ್ಲರೂ ಬಂದು ಸೇರುವವರೆಗೆ ಯಾರೂ ಕುಳಿತುಕೊಳ್ಳುವುದಿಲ್ಲ.

ನಮ್ಮ ಗೆಳೆಯರು ಎಂಟು ವಾರಗಳ ನಂತರ ನಡೆಯತೊಡಗಿದರು. ಆಮೇಲೆ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ. ಸುಮಾರು ಒಂದು ವರ್ಷದ ಮೇಲೆ ಮತ್ತೆ ಬೆಂಗಳೂರಿಗೆ ಹೋದೆವು. ಅಲ್ಲಿ 2008ರಿಂದ ನಡೆದುಬಂದಿರುವ 10 ಕಿಲೋಮೀಟರ್ ಓಟದಲ್ಲಿ ಸಾವಿರಾರು ಸಾಮಾನ್ಯರು ಪಾಲ್ಗೊಳ್ಳುತ್ತಾರೆ. ನಮ್ಮ ಹನ್ನೊಂದು ಜನರಲ್ಲಿ ಅವರೇ ಕೊನೆಯವರಾಗಿ ಬಂದರು. ಬೇಲಿಯ ಪಕ್ಕದಲ್ಲಿ ಹತ್ತೂ ಜನ ನಿಂತಿದ್ದೆವು.

ಪಾಲಕ ಬಂಧುಗಳೇ, ಈ ಶಾಲೆಯಲ್ಲಿ ಹತ್ತು ವರ್ಷ ಕನ್ನಡದಲ್ಲಿ ಕಲಿತ ಮಗು ಮುಂದೆ ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮದ ಕಾಲೇಜಿಗೆ ಸೇರಿದಾಗ ಮೊದಲ ಕೆಲವು ತಿಂಗಳು ಹಿಂದೆ ಬೀಳುತ್ತದೆ. ನಾವೂ ಬಿದ್ದೆವು. ನಮ್ಮ ಜೊತೆಯ ಕೆಲವರು ಆ ತಿಂಗಳುಗಳಲ್ಲಿಯೇ ಓದು ಬಿಟ್ಟರು. ಅವರು ದಡ್ಡರಾಗಿರಲಿಲ್ಲ, ಹಿಂದಕ್ಕೆ ಓಡಿ ಹೋಗಿ ಜೊತೆಗೂಡುವವರು ಅವರಿಗೆ ಇರಲಿಲ್ಲ, ಅಷ್ಟೇ. ಮಗು ಕಷ್ಟವೆಂದು ಹೇಳಿದಾಗ, ನಾವು ನಮ್ಮ ಗೆಳೆಯರಿಗೆ ಹೇಳಿದಂತೆ “ಸರಿಹೋಗುತ್ತದೆ ಬಿಡು” ಎಂದು ಹೇಳಬೇಡಿರಿ. ಮೊದಲ ಸಲ ಹೇಳಿದಾಗಲೇ ಕೇಳಿಸಿಕೊಳ್ಳಿರಿ.

ಗುರುಗಳಲ್ಲಿ ಒಂದು ವಿನಂತಿ. ಹತ್ತನೆಯ ತರಗತಿಯವರ ಆಟದ ಅವಧಿಯನ್ನು ಪರೀಕ್ಷೆಯ ಪಾಠಕ್ಕೆ ತೆಗೆದುಕೊಳ್ಳಬೇಡಿರಿ. ಹೆಣ್ಣುಮಕ್ಕಳನ್ನೂ ಮೈದಾನಕ್ಕೆ ಇಳಿಸಿರಿ. ಓಡಿಸಲು ನಮ್ಮ ಶಿಕ್ಷಕಿಯರಿಬ್ಬರೂ ಸಿದ್ಧರಿದ್ದಾರೆ.

ನಮ್ಮ ಕಾಣಿಕೆಯಾಗಿ ಕೊಡಲು ದೊಡ್ಡ ಮೊತ್ತವಿಲ್ಲ. ಮುಂದಿನ ವಾರದಿಂದ ಪ್ರತಿ ಶನಿವಾರ ಬೆಳಿಗ್ಗೆ ಆರು ಗಂಟೆಗೆ ನಮ್ಮಲ್ಲಿ ಇಬ್ಬರಾದರೂ ಈ ಮೈದಾನದಲ್ಲಿರುತ್ತೇವೆ. ಬರುವ ಮಕ್ಕಳಿಗೆ ನಾಲ್ಕು ಸುತ್ತು. ಸೀಟಿ ಊದುವ ಹೊಣೆಯನ್ನು ನಮ್ಮ ಜೀನ್ಸ್ ಹೊಲಿಯುವ ಗೆಳೆಯರಿಗೆ ಒಪ್ಪಿಸಿದ್ದೇವೆ. ಯಾವಾಗ ಊದಬೇಕೆಂಬುದು ಅವರಿಗೆ ಗೊತ್ತಿದೆ.