ಹಳೇ ಟ್ರ್ಯಾಕ್ಟರಿಗೆ ಸ್ಟ್ರೋಕ್ ಹೆಚ್ಚಿಸಬೇಕೆ?

ಕಾಶಿಯ ಸೋನಾರ್‌ಪುರದಲ್ಲಿದ್ದರೂ ಊರಿನ ಹೊಲದಲ್ಲಿ ಹಳೇ ಫೋರ್ಡ್ 3000 ಇಟ್ಟುಕೊಂಡವರಿಗೆ ಈ ಮಾತು. "ಸ್ಟ್ರೋಕ್ ಹೆಚ್ಚಿಸೋಣ, ಶಕ್ತಿ ಬರುತ್ತೆ" ಅಂತಾರೆ ಮೆಕ್ಯಾನಿಕ್.

ಸುಳ್ಳಲ್ಲ. ಈ ಮಾದರಿಯ ಪೆಟ್ರೋಲ್, ಡೀಸೆಲ್ ಎಂಜಿನ್ ಎರಡಕ್ಕೂ ಮೂರೇ ಸಿಲಿಂಡರ್, ಬೋರ್ 4.2 ಅಂಗುಲ. ಪೆಟ್ರೋಲಿನದಕ್ಕೆ ಸ್ಟ್ರೋಕ್ 3.8, ಡೀಸೆಲಿನದಕ್ಕೆ 4.2. ಅಷ್ಟರಲ್ಲೇ 158 ಘನ ಅಂಗುಲ 175 ಆಯಿತು.

ಆದರೆ ನಿಮ್ಮದು ಡೀಸೆಲ್ ತಾನೇ? ಉದ್ದ ಸ್ಟ್ರೋಕ್ ಆಗಲೇ ಇದೆ! ಇನ್ನೂ ಬೇಕೆಂದು ಕ್ರ್ಯಾಂಕ್ ಪಿನ್ನನ್ನು ಒಂದೇ ಮಗ್ಗುಲಿಗೆ ಅರೆಸಿದರೆ ಅದು ತೆಳುವಾಗುತ್ತದೆ. ಹೆಚ್ಚಿಸಿದ್ದರ ಅರ್ಧದಷ್ಟು ಪಿಸ್ಟನ್ ಮೇಲೇರುತ್ತದೆ. ಪಿಸ್ಟನ್ ಬದಲಿಸದಿದ್ದರೆ ಹೆಡ್ಡಿಗೆ ಬಡಿದೀತು. ಮೊದಲು ಕಂಪ್ರೆಷನ್ ಅಳೆಸಿ. ಪಂಪು, ನಾಜಲ್ ನೋಡಿಸಿ. ಕ್ರ್ಯಾಂಕಿನ ಮಾತು ಆಮೇಲೆ.